ಹನುಮಕ್ಕನ ಹೂಂ

ಕೆಂಗೇರಿ ದಾಟಿ, ಮೈಸೂರು ರಸ್ತೆ ಬಿಟ್ಟು ಒಳಕ್ಕೆ ಎರಡು ಮೈಲಿ ನಡೆದರೆ ಬಳಪದ ಗುಡ್ಡ. ಗುಡ್ಡ ಅಂದರೆ ಮಹಾ ಗುಡ್ಡವೇನಲ್ಲ, ಮೇಕೆ ಒಂದೇ ಉಸಿರಿಗೆ ಹತ್ತಿ ಇಳಿಯೋ ಅಷ್ಟು. ಅದರ ಬುಡದಲ್ಲಿ ಹನುಮಕ್ಕನ ಹೆಂಚಿನ ಮನೆ, ಮನೆ ಮುಂದೆ ಎರಡು ಹಸು. ಎಂಬತ್ತೈದನೇ ಇಸವಿಗೆ ಅವಳಿಗೆ ಅರವತ್ತೆರಡೋ ಅರವತ್ತಮೂರೋ. ಹುಟ್ಟಿದ ದಿನ ಬರೆದಿಡೋಕೆ ಅವಳಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನೋಡಿ ತಮಾಷೆ, ಊರೂರಿನ ಮಕ್ಕಳಿಗೆ ಸ್ಲೇಟಿನ ಮೇಲೆ ಅಆಇಈ ತಿದ್ದೋಕೆ ಬಳಪ ಕೊಟ್ಟ ಗುಡ್ಡ ಅದು. ಅದನ್ನು ಅಗೆದ ಜನಕ್ಕೆ ಮಾತ್ರ ಹೆಬ್ಬೆಟ್ಟೇ ಗತಿ.

ಭಾನುವಾರ ಬಂತೆಂದರೆ ಹನುಮಕ್ಕನಿಗೆ ತಲೆನೋವು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಾಲೇಜು ಹುಡುಗರು ಲೂನಾ ಮೇಲೆ, ಸೈಕಲ್ಲಿನ ಮೇಲೆ, ಕೈಯಲ್ಲೊಂದು ಟಾರ್ಚು ಹಿಡಿದು ಬಂದಿಳಿಯೋರು.

"ಅಜ್ಜಿ, ಗವಿ ಯಾವ ಕಡೆ?"

"ಯಾಕ್ರಪ್ಪಾ?"

"ಸುಮ್ನೆ, ನೋಡ್ಕೊಂಡ್ ಬರಕ್ಕೆ."

ಸುಮ್ನೆ! ಅವರು ಗವಿ ಅನ್ನೋದು ಮುಚ್ಚಿಹೋದ ಬಳಪದ ಗಣಿ, ಸುಮ್ನೆ ನೋಡೋಕೆ ಅದೇನು ಲಾಲ್‌ಬಾಗೇ? ಹನುಮಕ್ಕ ಬೆರಣಿ ತಟ್ಟುತ್ತಲೇ ಶುರು ಮಾಡುವಳು. ಮೇಲೆ ಕಾಣೋದು ಬಂಡೆ, ಆದರೆ ಅದು ಪದರ ಪದರ. ಯಾವ ಪದರ ಯಾವಾಗ ಕಳಚಿ ನೆತ್ತಿ ಮೇಲೆ ಬೀಳುತ್ತೋ ಬಲ್ಲವರಿಲ್ಲ. ಅದಕ್ಕೆ ಆಸರೆ ಕೊಟ್ಟ ಮರದ ಕಂಬ ಇಪ್ಪತ್ತು ವರ್ಷದಿಂದ ಗೆದ್ದಲಿಗೆ ಊಟ. ಹೊರಗಡೆ ಕಂಬ, ಒಳಗಡೆ ಬರೀ ಮಣ್ಣು, ಕೈ ಊರಿದರೆ ಮುಗೀತು ಕತೆ. ಬಳಪದ ಕಲ್ಲು ಮೊದಲೇ ನುಣುಪು, ನೀರು ಬಿತ್ತೋ ಸಾಬೂನು. ಕೆಳಗಿನ ಗುಂಡಿಯಲ್ಲಿ ನೀರಿನ ಮೇಲೆ ಬಿಳೀ ಪುಡಿ ಕೆನೆ ಕಟ್ಟಿಕೊಂಡು ನೆಲದ ಹಾಗೇ ಕಾಣುತ್ತೆ, ಕಾಲಿಟ್ಟರೆ ಎರಡಾಳು ಆಳ. ಒಳಗೆ ಐದು ಕವಲು, ಎಲ್ಲ ಒಂದೇ ಥರ, ಬಂದ ದಾರಿ ಯಾವುದು ಅಂತ ಅಗೆದವರಿಗೇ ಮರೆತುಹೋಗುತ್ತಿತ್ತು. ಇಷ್ಟನ್ನೂ ತಪ್ಪಿಸಿಕೊಂಡರೆ ಕೆಟ್ಟ ಗಾಳಿ ಕಾದು ಕೂತಿರುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ.

"ಸತ್ರೆ ನಿಮ್ಮಪ್ಪ ಅಮ್ಮಂಗೆ ಯಾರು ಹೇಳ್ಬೇಕು, ನಾನಾ?" ಅಂತ ಕೊನೆಗೆ ಕೇಳುವಳು.

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. "ಬಾ ಗುರು, ಅಜ್ಜಿ ಸುಮ್ನೆ ಹೆದರಿಸ್ತಾರೆ" ಅಂತ ಒಬ್ಬ ಹೆಜ್ಜೆ ಎತ್ತೋನು, ಆಗ ಹನುಮಕ್ಕ ದನ ಹೊಡೆಯೋ ಕೋಲು ಎತ್ತಬೇಕು. ಪ್ರತಿ ಭಾನುವಾರ ಇದೇ ಪುರಾಣ. ಅವಳನ್ನು ಯಾರೂ ಕಾವಲಿಗೆ ನೇಮಿಸಿರಲಿಲ್ಲ. ಹೇಳಿ ಹೇಳಿ ನಾಲಿಗೆ ಸವೆದಿತ್ತು, ಏರಿ ಇಳಿದು ಮಂಡಿ ಹೋಗಿತ್ತು, ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಆದರೂ ಬಿಡೋಕೆ ಆಗುತ್ತಿರಲಿಲ್ಲ. ಆ ಗಣಿಗೆ ಅವಳು ದೀಪದವಳಾಗಿದ್ದವಳು.

ದೀಪದವಳು ಅಂದರೆ ಹೀಗೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಬೆಳಗ್ಗೆ ಗಂಡಸರೆಲ್ಲ ಸುತ್ತಿಗೆ ಉಳಿ ಹಿಡಿದು ಗಣಿ ಬಾಯಿಯ ಸುತ್ತ ಕೂರೋರು. ಬಾಯಿ ಅಂದರೆ ಬಾವಿಯಂಥದ್ದು, ಮೂವತ್ತು ಅಡಿ ಆಳ, ಇಳಿಯೋಕೆ ಕಬ್ಬಿಣದ ಏಣಿ, ಕೆಳಗೆ ಅಗಲವಾದ ಒಂದು ಜಗಲಿ, ಅಲ್ಲಿಂದ ಕವಲುಗಳು. ದೀಪದವಳು ಮಿಂದು ಬಂದು, ಹರಳೆಣ್ಣೆ ದೀಪ ಹಚ್ಚಿ, ಹಗ್ಗದಲ್ಲಿ ಇಳಿಬಿಡಬೇಕು. ಹಗ್ಗಕ್ಕೆ ಮೂರು ಗಂಟು. ಒಂದನೇ ಗಂಟಿಗೆ ದೀಪ ಕೆಳಗಿನವನ ಎದೆ ಮಟ್ಟ, ಎರಡನೇದಕ್ಕೆ ಮಂಡಿ ಮಟ್ಟ, ಮೂರನೇದಕ್ಕೆ ನೆಲ. ಮೂರು ಕಡೆಯೂ ಕುಡಿ ನೆಟ್ಟಗೆ ನಿಂತರೆ ಉಸಿರಾಡೋ ಗಾಳಿ ಇದೆ ಅಂತ. ಕುಡಿ ಸಣ್ಣಗಾದರೆ, ಆರಿದರೆ, ಅವತ್ತು ಗಣಿ ಇಲ್ಲ. ಮೂರೂ ನೋಡಿ ಅವಳು "ಹೂಂ" ಅನ್ನೋವರೆಗೆ ಮೇಸ್ತ್ರಿಯೂ ಏಣಿಗೆ ಕಾಲಿಡುವ ಹಾಗಿರಲಿಲ್ಲ. ಎದ್ದಾಗಿನಿಂದ ಆ ಹೂಂ ಹೇಳೋವರೆಗೆ ಅವಳು ಬೇರೆ ಮಾತೇ ಆಡಬಾರದು. ಹಾಲು ಉಕ್ಕಿ ಒಲೆಗೆ ಬೀಳಲಿ, ಬಾಗಿಲಿಗೆ ನೆಂಟರು ಬರಲಿ, ಬಾಯಿ ಬಿಡುವಂತಿಲ್ಲ. ಅತ್ತೆ ಪಾಪಮ್ಮ ಈ ಕೆಲಸ ಮಾಡುತ್ತಿದ್ದವಳು, ಕಣ್ಣು ಮಂಜಾದ ಮೇಲೆ ಹಗ್ಗವನ್ನು ಸೊಸೆಯ ಕೈಗಿತ್ತಳು. "ಮಾತು ಜಾಸ್ತಿಯಾದ ಬಾಯಲ್ಲಿ ಹೂಂ ಹಗುರಾಗುತ್ತೆ ಕಣೇ" ಅಂತ ಹೇಳಿಕೊಟ್ಟಳು.

ಹದಿನೆಂಟು ವರ್ಷ ಹನುಮಕ್ಕ ಹೂಂ ಅಂದಳು. ಆ ಹದಿನೆಂಟು ವರ್ಷದಲ್ಲಿ ಅವಳ ಹೂಂ ನಂಬಿ ಇಳಿದವನೊಬ್ಬನೂ ಗಾಳಿಗೆ ಸಿಕ್ಕಿ ಸಾಯಲಿಲ್ಲ. ಅವಳ ಗಂಡ ಮುನಿಯಪ್ಪ ಸತ್ತ ನಿಜ, ಆದರೆ ಅವನು ಹೂಂ ಕೇಳಿ ಇಳಿದವನಲ್ಲ. ಯುಗಾದಿಯ ಮಾರನೇ ದಿನ, ಹೊಸತೊಡಕು, ಗಣಿಗೆ ರಜ. ಬಾಡೂಟ ಉಂಡು, ಮೇಲೊಂದಿಷ್ಟು ಹೆಂಡ ಏರಿಸಿ, ಬಿಟ್ಟುಬಂದ ಉಳಿ ತರ್ತೀನಿ ಅಂತ ಒಬ್ಬನೇ ಇಳಿದ. ಮತ್ತೆ ಮೇಲೆ ಬರಲಿಲ್ಲ. ಹೆಣದ ಮುಂದೆ ಊರವರು ಆಡಿದ್ದು ಒಂದೇ ಮಾತು: "ಹನುಮಕ್ಕ ಹೂಂ ಅಂದಿರಲಿಲ್ಲ, ಅವನೇ ಹೋದ." ಆ ಮಾತಿನಿಂದ ಅವಳಿಗೆ ಸಮಾಧಾನ ಆಯಿತೋ ಸಂಕಟ ಆಯಿತೋ ಅವಳಿಗೇ ತಿಳಿಯಲಿಲ್ಲ. ತಾಳಿ ಹೋಯಿತು, ಹೂಂ ಉಳಿಯಿತು.

ಆಮೇಲೆ ನೀರು ಉಕ್ಕಿ ಗಣಿ ಮುಚ್ಚಿತು. ಗಂಡಸರು ಬಿನ್ನಿಮಿಲ್ಲು, ಇಟ್ಟಿಗೆ ಗೂಡು ಅಂತ ಚೆದುರಿಹೋದರು. ಅವಳೇ ಸಾಕಿ ಬೆಳೆಸಿದ ತಮ್ಮ ಅಂಜಿನಯ್ಯನೂ ಮಿಲ್ಲು ಸೇರಿ ಬಿನ್ನಿಪೇಟೆಯಲ್ಲಿ ಸಂಸಾರ ಹೂಡಿದ. ಹನುಮಕ್ಕನಿಗೆ ಮಕ್ಕಳಿಲ್ಲ, ಹೊಲವಿಲ್ಲ, ಮೈಮೇಲೆ ಗುಲಗಂಜಿ ಚಿನ್ನವಿಲ್ಲ. ಇದ್ದದ್ದು ಆ ಹೆಸರೊಂದು. ಕೆಂಗೇರಿ ಸಂತೆಯಲ್ಲಿ ಹಳಬರು ಸಿಕ್ಕರೆ ಈಗಲೂ "ಹನುಮಕ್ಕ ಹೂಂ ಅಂದ್ರೆ ಪಾತಾಳಕ್ಕಾದ್ರೂ ಇಳೀಬೌದು" ಅನ್ನೋರು. ಅಂಥ ದಿನ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ನಡೆಯುವಳು.

ಆ ವರ್ಷ ಗುಡ್ಡದ ಆಚೆ ಹೊಲಗಳಲ್ಲಿ ಕಲ್ಲು ನೆಟ್ಟು ಹೊಸ ಬಡಾವಣೆ ಮಾಡಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಕೊರೆಸಿದ ಬೋರ್‌ವೆಲ್ಲು ಮೂರೂ ಧೂಳು ಉಗುಳಿದವು. ಬಡಾವಣೆ ಸಂಘದ ಕಾರ್ಯದರ್ಶಿ ಸೋಮಲಿಂಗಪ್ಪ, ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಇಪ್ಪತ್ತು ವರ್ಷ ಕಳೆದ ಗುಮಾಸ್ತ, ಅಲ್ಲಿ ಮೊದಲನೇ ಮನೆ ಕಟ್ಟಿಸುತ್ತಿದ್ದ. ಗೃಹಪ್ರವೇಶಕ್ಕೆ ದಿನ ಇಟ್ಟಾಗಿತ್ತು. ಒಂದು ಬೆಳಗ್ಗೆ ಅವನು ಹನುಮಕ್ಕನ ಮುಂದೆ ಬಂದು ಕೈಮುಗಿದು ನಿಂತ.

"ಗಣಿ ಗುಂಡೀಲಿ ಬೇಕಾದಷ್ಟು ನೀರಿದೆಯಂತಲ್ಲ ತಾಯಿ. ಒಂದು ಪಂಪು ಇಟ್ಕೋತೀವಿ. ನೀವು ಹೇಳ್ದಂಗೆ ಕೇಳ್ತೀವಿ."

"ಕೇಳ್ತೀವಿ ಅಂತ ಎಲ್ರೂ ಅಂತಾರೆ ಸ್ವಾಮಿ" ಅಂದಳು ಹನುಮಕ್ಕ. "ಕೇಳೋರನ್ನ ನಾನಿನ್ನೂ ನೋಡಿಲ್ಲ."

ಆದರೆ ಅವನು ಕರೆದುಕೊಂಡು ಬಂದ ಮನುಷ್ಯ ಕೇಳಿದ. ಪಂಚಾಕ್ಷರಿ ಅಂತ, ಪಂಪಿನ ಮೆಕ್ಯಾನಿಕ್ಕು. ವಿಜಯನಗರದಲ್ಲಿ ಒಂದು ತಗಡಿನ ಶೆಡ್ಡು, ಹಣೆಯಲ್ಲಿ ವಿಭೂತಿ, ಉಗುರಲ್ಲಿ ಗ್ರೀಸು, ನಲವತ್ತರ ಆಸುಪಾಸು. ಮಾತು ಕಮ್ಮಿ. ಗಣಿ ಬಾಯಿಯ ಹತ್ತಿರ ಚಪ್ಪಲಿ ಬಿಟ್ಟು ಬಗ್ಗಿ ನೋಡಿದ. ಹನುಮಕ್ಕ ತನ್ನ ಹಳೇ ಪುರಾಣ ಒಪ್ಪಿಸಿದಳು. ಅವನು ಕೊನೆಯವರೆಗೆ ಕೇಳಿ, ಮಗ್ಗಿ ಒಪ್ಪಿಸೋ ಹಾಗೆ ವಾಪಸ್ಸು ಹೇಳಿದ. "ಕಂಬಕ್ಕೆ ಕೈ ಊರಬಾರದು. ಕವಲಿಗೆ ಹೋಗಬಾರದು. ತಲೆ ಮೇಲಿನ ಕಲ್ಲನ್ನ ಸಲಾಕೇಲಿ ತಟ್ಟಿ ನೋಡಬೇಕು, ಠಣ್ ಅಂದ್ರೆ ಗಟ್ಟಿ, ಡೊಬ್ ಅಂದ್ರೆ ಪೊಳ್ಳು. ಬಿಳೀ ನೆಲ ಕಂಡ್ರೆ ಅದು ನೀರು. ನೀವು ಹೂಂ ಅನ್ನದೆ ಏಣಿ ಮುಟ್ಟಬಾರದು. ಅಷ್ಟೇನಾ ಅಮ್ಮ?"

ಹನುಮಕ್ಕನಿಗೆ ಕಣ್ಣು ತುಂಬಿ ಬಂತು. ಅಷ್ಟು ವರ್ಷದಲ್ಲಿ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೊದಲನೇ ಮನುಷ್ಯ.

ಎಂಜಿನ್ನನ್ನು ಮೇಲೆಯೇ ಇಡಬಾರದೇ ಅಂತ ಅವಳು ಕೇಳಿದ್ದಳು. "ಆಗಲ್ಲ ಅಮ್ಮ. ಪಂಪು ನೀರು ಎಳೆಯೋದು ಇಪ್ಪತ್ತಡಿ, ಅಷ್ಟೇ ಅದರ ಶಕ್ತಿ. ಮೇಲಕ್ಕೆ ತಳ್ಳೋದು ಎಷ್ಟು ಬೇಕಾದ್ರೂ ತಳ್ಳುತ್ತೆ. ನೀರಿನ ಪಕ್ಕದಲ್ಲೇ ಕೂರಿಸ್ಬೇಕು." ಪೆಟ್ರೋಲಿಗೆ ಶುರುವಾಗಿ ಸೀಮೆಎಣ್ಣೆಗೆ ಓಡುವ ಸಣ್ಣ ಎಂಜಿನ್ ಅದು. ಅಂಜಿನಯ್ಯ ಬಿಡುವಿನ ದಿನ ಬಂದು ಕೈ ಕೊಟ್ಟ, ಇಬ್ಬರೂ ಸೇರಿ ಹಗ್ಗ ಕಟ್ಟಿ ಇಳಿಸಿ ಜಗಲಿಯ ಮೇಲೆ ಕೂರಿಸಿದರು.

ಒಂದು ವಾರ ಎಲ್ಲ ಸಲೀಸು. ಸಂಜೆ ಪಂಚಾಕ್ಷರಿ ಇಳಿದು ಎಂಜಿನ್ ಶುರು ಮಾಡಿ, ತಕ್ಷಣ ಮೇಲೆ ಬಂದುಬಿಡೋನು. ಎಣ್ಣೆ ಮುಗಿದು ಅದು ತಾನಾಗಿ ನಿಲ್ಲೋದು. ಮತ್ತೆ ಇಳಿಯೋದು ಮಾರನೇ ದಿನವೇ, ಹನುಮಕ್ಕ ದೀಪ ಇಳಿಸಿ ನೋಡಿದ ಮೇಲೆ. ಪ್ರತಿ ಸಲವೂ ಅವಳ ಮುಖ ನೋಡಿ ನಿಲ್ಲೋನು, ಹೂಂ ಅಂದ ಮೇಲೆ ಏಣಿಗೆ ಬಲಗಾಲಿಡೋನು. ಆ ಕಾಲ ಮತ್ತೆ ಬಂತಲ್ಲ ಅಂತ ಹನುಮಕ್ಕನಿಗೆ ಒಳಗೊಳಗೇ ಹಿಗ್ಗು.

ಗೃಹಪ್ರವೇಶ ಭಾನುವಾರ. ಹಿಂದಿನ ದಿನ ನೀರು ಜಾಸ್ತಿ ಬೇಕು ಅಂತ ಮಧ್ಯಾಹ್ನವೇ ಎಂಜಿನ್ ಶುರು ಮಾಡಿದರು. ಒಂದು ಗಂಟೆ ಓಡಿತೋ ಇಲ್ಲವೋ, ಕೆಮ್ಮಿ ನಿಂತುಹೋಯಿತು. ತೊಟ್ಟಿ ಅರ್ಧ ಕೂಡ ತುಂಬಿರಲಿಲ್ಲ. ಅಡುಗೆಯವರು ಆಗಲೇ ಕೊಪ್ಪರಿಗೆ ಇಳಿಸಿಕೊಂಡು, ನೀರೆಲ್ಲಿ ಸ್ವಾಮಿ ಅಂತ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಎಣ್ಣೆ ಪೈಪಲ್ಲಿ ಕಸ ಸಿಕ್ಕಿರಬೇಕು" ಅಂದ ಪಂಚಾಕ್ಷರಿ. "ಬಿಚ್ಚಿ ಊದಿದ್ರೆ ಆಯ್ತು, ಐದು ನಿಮಿಷದ ಕೆಲಸ. ಆದ್ರೆ ಬೆಳಗ್ಗೆ ಇಳಿಯೋಣ ಅಂತೀನಿ."

"ಬೆಳಗ್ಗೆ ಹೋಮ ಕಣ್ರೀ!" ಸೋಮಲಿಂಗಪ್ಪನ ದನಿ ಅಳುವ ಹಾಗಾಗಿತ್ತು. "ಇನ್ನೂರು ಜನ ಬರ್ತಾರೆ. ಕೈ ತೊಳೆಯೋಕೆ ನೀರಿಲ್ಲ ಅಂದ್ರೆ ನನ್ನ ಮಾನ ಏನಾಗ್ಬೇಕು? ಇಪ್ಪತ್ತು ವರ್ಷ ಕಾದು ಕಟ್ಟಿದ ಮನೆ ಸ್ವಾಮಿ."

ಎಲ್ಲರೂ ಹನುಮಕ್ಕನ ಕಡೆ ತಿರುಗಿದರು. ಅವಳಿಗೆ ಮನಸ್ಸಿರಲಿಲ್ಲ. ಸುಟ್ಟ ಸೀಮೆಎಣ್ಣೆಯ ವಾಸನೆ ಗಣಿ ಬಾಯಿವರೆಗೂ ಬರುತ್ತಿತ್ತು. ಹಾಗಂತ ಎಂಜಿನ್ ಇದ್ದ ಕಡೆ ಎಂಜಿನ್ ವಾಸನೆ ಬಾರದೆ ಮಲ್ಲಿಗೆ ವಾಸನೆ ಬರುತ್ತದೆಯೇ? ಬೆಳಗಿನ ಜಾವ ಎದ್ದವಳು, ಬೆಳಗ್ಗಿಂದ ಅವರಿವರಿಗೆ ಹೇಳಿ, ಕೂಗಿ, ಓಡಾಡಿ ಸಾಕಾಗಿತ್ತು. ಮಂಡಿ ಸೇದುತ್ತಿತ್ತು. ಮನೆಯಲ್ಲಿ ಹಸು ಹಾಲು ಕರೆಯೋ ಹೊತ್ತಾಯಿತು ಅಂತ ಅಂಬಾ ಅನ್ನುತ್ತಿತ್ತು.

ಪಂಚಾಕ್ಷರಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ನೀವು ಹೂಂ ಅಂದ್ರೆ ಇಳೀತೀನಿ ಅಮ್ಮ. ಇಲ್ಲ ಅಂದ್ರೆ ಇಲ್ಲ. ನಂದೇನೂ ಇಲ್ಲ."

ದೀಪ ಹಚ್ಚಿ ಇಳಿಸಿದಳು. ಒಂದನೇ ಗಂಟು, ಕುಡಿ ನೆಟ್ಟಗೆ. ಎರಡನೇ ಗಂಟು, ನೆಟ್ಟಗೆ. ಮೂರನೇ ಗಂಟು, ದೀಪ ನೆಲಕ್ಕೆ ತಾಗಿ, ದೇವರ ಮುಂದಿನ ದೀಪದ ಹಾಗೆ ಅಲುಗಾಡದೆ ಉರಿಯಿತು. ಮತ್ತೊಮ್ಮೆ ಎತ್ತಿ ಇಳಿಸಿದಳು. ಅದೇ ಕುಡಿ. ಅವಳು ಕಲಿತ ವಿದ್ಯೆಯಲ್ಲಿ ಇದಕ್ಕಿಂತ ಮುಂದೆ ನೋಡೋದೇನೂ ಇರಲಿಲ್ಲ.

"ಹೂಂ" ಅಂದಳು. ಸಾಕಾದವರು ಒಂದು ಮಾತು ಮುಗಿಸಿಬಿಡೋಕೆ ಅನ್ನುತ್ತಾರಲ್ಲ, ಹಾಗೆ ಅಂದುಬಿಟ್ಟಳು.

ಪಂಚಾಕ್ಷರಿ ಇಳಿದ. ಎಂಜಿನ್ ಪಕ್ಕ ಕೂತು ಪೈಪು ಬಿಚ್ಚಿದ. ಒಮ್ಮೆ ಹಣೆ ಒತ್ತಿಕೊಂಡ. ಅವತ್ತೂ ಕೈ ಕೊಡೋಕೆ ಬಂದಿದ್ದ ಅಂಜಿನಯ್ಯ ಮೇಲಿಂದ "ಏನಾಯ್ತಣ್ಣ?" ಅಂತ ಕೂಗಿದ. "ಏನಿಲ್ಲ, ತಲೆ ಸ್ವಲ್ಪ..." ಅಂದವನು ಮಾತು ಮುಗಿಸಲಿಲ್ಲ. ಏಳೋಕೆ ನೋಡಿದ, ಕಾಲು ಕೇಳಲಿಲ್ಲ. ನಿದ್ದೆ ಬಂದವನ ಹಾಗೆ ಎಂಜಿನ್ನಿಗೆ ಒರಗಿದ, ಹಾಗೇ ಜಾರಿ ಮಗ್ಗುಲಾದ. ಅವನ ಕೈಯಿಂದ ಒಂದು ಗೇಣು ಆಚೆ ಹನುಮಕ್ಕನ ದೀಪ ಉರಿಯುತ್ತಲೇ ಇತ್ತು.

"ಅಯ್ಯೋ ಶಿವನೇ! ಹಾರ್ಟು, ಹಾರ್ಟ್ ಅಟ್ಯಾಕು ಇರಬೇಕು!" ಅಂತ ಸೋಮಲಿಂಗಪ್ಪ ಕಿರುಚಿದ. "ಇಳೀರೋ ಯಾರಾದ್ರೂ!"

ಅಂಜಿನಯ್ಯ ಆಗಲೇ ಏಣಿಯ ಮೊದಲ ಮೆಟ್ಟಿಲ ಮೇಲಿದ್ದ. ಹನುಮಕ್ಕ ಎಲ್ಲಿತ್ತೋ ಬಲ ಆ ಮಂಡಿಗೆ, ಎದ್ದವಳೇ ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ಉರುಳಿ ಬಿದ್ದರು. ಅವಳು ಅವನ ಕಾಲ ಮೇಲೆ ಕೂತುಬಿಟ್ಟಳು.

"ಬಿಡಕ್ಕಾ! ದೀಪ ಉರೀತಾ ಇದೆ ನೋಡು! ಗಾಳಿ ಇದೆ!"

"ಬೇಡ."

"ನೀನೇ ಹೂಂ ಅಂದ್ಯಲ್ಲ! ಮೂವತ್ತು ಮೆಟ್ಲು ಇಳಿದ್ರೆ ಕೈಗೆ ಸಿಗ್ತಾನೆ, ಬಿಡು ಅಂದ್ರೆ!"

"ಬೇಡ ಕಣೋ. ಏನೋ ಗೊತ್ತಿಲ್ಲ. ದೀಪಕ್ಕೂ ಗೊತ್ತಿಲ್ಲ."

ಅಂಥ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ತಮ್ಮ ಅತ್ತ, ಬೈದ, ಅವಳ ಕೈ ಪರಚಿದ. ಅವಳು ಜಪ್ಪಯ್ಯ ಅಂದರೂ ಏಳಲಿಲ್ಲ. ಹಗ್ಗಕ್ಕೆ ಕೊಕ್ಕೆ ಕಟ್ಟಿ ಎಸೆದು ನೋಡಿದರು, ಸಿಕ್ಕಲಿಲ್ಲ. ಕೊನೆಗೆ ಯಾರೋ ಓಡಿಹೋಗಿ ಫೋನ್ ಮಾಡಿ ಫೈರ್ ಎಂಜಿನ್ ಬರುವಾಗ ಎರಡು ಗಂಟೆ ಕಳೆದಿತ್ತು. ಅವರು ಮುಖಕ್ಕೆ ಗವುಸು, ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಇಳಿದು ಪಂಚಾಕ್ಷರಿಯನ್ನು ಎತ್ತಿ ತಂದರು. ಜೀವ ಎಂದೋ ಹೋಗಿತ್ತು. ಮುಖ ಮಾತ್ರ ಕೆಂಪಗೆ, ಆರೋಗ್ಯವಂತನ ಮುಖದ ಹಾಗೆ ಇತ್ತು.

ಅವರಲ್ಲಿ ವಯಸ್ಸಾದವನೊಬ್ಬ ಹನುಮಕ್ಕನ ಪಕ್ಕ ಬಂದು ಕೂತ. "ಎಂಜಿನ್ ಹೊಗೇಲಿ ಒಂದು ವಿಷ ಇರುತ್ತೆ ಅಜ್ಜಿ. ಅದು ನೇರ ರಕ್ತಕ್ಕೆ ಸೇರ್ಕೊಳ್ಳುತ್ತೆ. ದೀಪ ಆರಿಸಲ್ಲ. ದೀಪಕ್ಕೆ ರಕ್ತ ಎಲ್ಲಿದೆ ಹೇಳಿ?" ಅಂದ. "ಆ ಇನ್ನೊಬ್ಬ ಇಳಿದಿದ್ರೆ ಎರಡು ಹೆಣ ಎತ್ತಬೇಕಾಗಿತ್ತು."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅವಳ ಅತ್ತೆಯ ಕಾಲದಲ್ಲಿ ಗಣಿಯೊಳಗೆ ಎಂಜಿನ್ ಇರಲಿಲ್ಲ. ಆ ಹೂಂ ಹುಟ್ಟಿದಾಗ ಈ ವಿಷ ಹುಟ್ಟಿರಲಿಲ್ಲ. ಅದನ್ನು ಯೋಚಿಸೋಕೆ ಅವಳಿಗೆ ಆಮೇಲೆ ಎಷ್ಟೋ ದಿನ ಹಿಡಿಯಿತು.

ಪೊಲೀಸರು ಬಂದು ಮಹಜರು ಬರೆಯುವಾಗ ಸೋಮಲಿಂಗಪ್ಪ ಮುಂದೆ ಬಂದ. ಕೆಟ್ಟವನಲ್ಲ ಅವನು, ಹೆದರಿದವನು. ಸಂಘದ ಮೇಲೆ ಕೇಸು, ತನ್ನ ಸರ್ಕಾರಿ ನೌಕರಿ, ಎಲ್ಲ ಒಟ್ಟಿಗೆ ಕಣ್ಮುಂದೆ ಬಂದಿರಬೇಕು. "ದೀಪ ಆರಿಹೋಯ್ತು ಸಾರ್. ಈ ಅಮ್ಮ ಬೇಡ ಬೇಡ ಅಂದ್ರು. ನಾವೂ ಹೇಳಿದ್ವಿ. ಅವರೇ ಕೇಳದೆ ಇಳಿದ್ರು."

"ಹೌದೇನಜ್ಜಿ?" ಅಂತ ಕೇಳಿದ ಬರೆಯುತ್ತಿದ್ದವನು.

ಹನುಮಕ್ಕ ನೆಲ ನೋಡುತ್ತಾ ಕೂತೇ ಇದ್ದಳು. ಅಂಜಿನಯ್ಯ ಅಕ್ಕನ ತೋಳು ಅಮುಕಿ, "ಹೌದು ಸಾರ್, ನಮ್ಮಕ್ಕ ಬೇಡ ಅಂತಾನೇ ಅಂದ್ಲು" ಅಂದ. ಅವಳ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿಸಿಕೊಂಡರು. ಸತ್ತವನು ಎದ್ದು ಬಂದು ಅಲ್ಲ ಅಂತಾನೆಯೇ?

ಸುದ್ದಿ ಹಬ್ಬಿತು. ಮಜಾ ನೋಡಿ, ಹನುಮಕ್ಕನ ಹೆಸರು ಇನ್ನೂ ದೊಡ್ಡದಾಯಿತು. "ಹನುಮಕ್ಕ ಬೇಡ ಅಂದ್ಲಂತೆ, ಕೇಳ್ದೆ ಇಳಿದು ಸತ್ನಂತೆ." ಹಾಲು ಕೊಳ್ಳೋರು ಎದ್ದು ನಿಂತು ಪಾತ್ರೆ ಹಿಡಿಯತೊಡಗಿದರು. ಭಾನುವಾರದ ಹುಡುಗರು ಕೂಡ ಈಗ ಅವಳ ಮಾತು ಕೇಳಿ, ಹೆದರಿ, ವಾಪಸ್ಸು ಹೋಗೋರು. ಅಷ್ಟು ವರ್ಷದಿಂದ ಅವಳು ಬೇಡಿದ್ದು ಇದನ್ನೇ ಅಲ್ಲವೇ? ಸಿಕ್ಕಿತು. ರಾತ್ರಿ ನಿದ್ದೆ ಹೋಯಿತು, ಹಗಲು ಕೂತಲ್ಲೇ ಕೂರುವಳು, ಹಸುವಿನ ಕೆಚ್ಚಲಿಗೆ ಕೈ ಹಾಕಿದವಳು ಕರೆಯೋದು ಮರೆತು ಸುಮ್ಮನಾಗುವಳು.

"ನನ್ ತಮ್ಮಯ್ಯಾ, ಹೇಳಿಬಿಡ್ತೀನಿ ಕಣೋ" ಅಂತ ಒಂದು ದಿನ ಅಂಜಿನಯ್ಯನಿಗೆ ಅಂದಳು.

"ಬಾಯಿ ಬಿಟ್ಟರೆ ಬಣ್ಣಗೇಡು. ಸುಮ್ನಿರಕ್ಕಾ" ಅಂದ ಅವನು. "ಹೋದೋನು ಬರಲ್ಲ. ನಿಂದು ಅಂತ ಇರೋದು ಅದೊಂದೇ. ಅದನ್ನೂ ಕಳ್ಕೊಂಡು ಏನ್ಮಾಡ್ತೀಯಾ?"

ಹನುಮಕ್ಕ ಎದ್ದು ಹಸುವಿಗೆ ಹುಲ್ಲು ಹಾಕೋಕೆ ಹೋದಳು.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಒಬ್ಬ ಹೆಂಗಸು ನಡೆದುಕೊಂಡು ಬಂದಳು. ಹಣೆಯಲ್ಲಿ ಬರೀ ವಿಭೂತಿ, ಬರಿಗೈ, ಒಣಗಿದ ತುಟಿ. ಜಗಲಿಯ ಕೆಳಗೇ ನಿಂತಳು.

"ಹನುಮಕ್ಕನೋರು ನೀವೇನಾ? ನಾನು ಬಸವ್ವ. ಪಂಪಿನ ಮೆಕ್ಯಾನಿಕ್ಕು... ಅವರ ಮನೆಯೋಳು."

ಹನುಮಕ್ಕ ಚಾಪೆ ಹಾಸಿದಳು. ನೀರು ಕೊಟ್ಟಳು. ಬಸವ್ವ ಲೋಟ ಮುಟ್ಟಲಿಲ್ಲ.

"ಒಂದು ಕೇಳ್ಕೊಂಡು ಹೋಗಣ ಅಂತ ಬಂದೆ ಅಮ್ಮ. ಆವತ್ತು ಬೆಳಗ್ಗೆ ನಾನು ಜಗಳ ಆಡಿದ್ದೆ. ತಂಗಿ ಮಗೂಗೆ ನಾಮಕರಣ, ಬನ್ನಿ ಅಂದ್ರೆ ಕೆಲಸ ಇದೆ ಅಂದ್ರು. ನಂಗೆ ಸಿಟ್ಟು ನೆತ್ತಿಗೇರ್ತು. ನೀವು ಇದ್ರೂ ಒಂದೇ ಇಲ್ದಿದ್ರೂ ಒಂದೇ ಅಂದ್ಬಿಟ್ಟೆ. ತಟ್ಟೆ ಮುಂದಿಂದ ಎದ್ದು ಹೋದ್ರು. ಒಂದು ತುತ್ತು ತಿನ್ಲಿಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. "ದೀಪ ಆರಿತ್ತಂತೆ, ನೀವು ಬೇಡ ಅಂದ್ರಂತೆ. ಅವರು ಹೇಳಿದ ಮಾತು ಮೀರೋ ಮನುಷ್ಯ ಅಲ್ಲ ಅಮ್ಮ. ಹದಿನಾರು ವರ್ಷ ಸಂಸಾರ ಮಾಡಿದೀನಿ, ನಂಗೆ ಗೊತ್ತಿಲ್ವಾ? ಹಂಗಿದ್ದೂ ಇಳಿದ್ರು ಅಂದ್ರೆ... ಬೇಕು ಅಂತಾನೇ ಇಳಿದ್ರಾ? ನಾನಂದ ಮಾತಿಗೆ ಹೋದ್ರಾ? ದೀಪ ಆರಿತ್ತಾ ಅಮ್ಮ, ನಿಜವಾಗ್ಲೂ?"

ಈ ಹೆಂಗಸು ಹದಿನೈದು ದಿನದಿಂದ ಹೊತ್ತು ತಿರುಗುತ್ತಿದ್ದದ್ದು ಹನುಮಕ್ಕನ ಹೊರೆ. ತಾನು ಸುಮ್ಮನಿದ್ದರೆ ಸಾಯೋವರೆಗೂ ಹೊರುತ್ತಾಳೆ. ತಲೆ ಆಡಿಸಿದರೂ ಸಾಕು, ತನ್ನ ಹೆಸರು ಉಳಿಯುತ್ತದೆ, ಊರು ಎದ್ದು ನಿಂತು ಪಾತ್ರೆ ಹಿಡಿಯುತ್ತದೆ.

"ಊಹೂಂ" ಅಂದಳು. "ದೀಪ ಆರಿರಲಿಲ್ಲ ಕಣವ್ವ. ಚೆನ್ನಾಗಿ ಉರೀತಿತ್ತು."

ಬಸವ್ವ ತಲೆ ಎತ್ತಿದಳು.

"ಬೆಳಗ್ಗೆ ಇಳೀತೀನಿ ಅಂತಾನೇ ಅಂದಿದ್ದ ನಿನ್ನ ಗಂಡ. ನೀವು ಹೂಂ ಅಂದ್ರೆ ಮಾತ್ರ ಇಳೀತೀನಿ ಅಂತ ನನ್ನ ಮುಖ ನೋಡ್ದ. ನಾನು ಹೂಂ ಅಂದೆ. ನಂಗೆ ಸಾಕಾಗಿತ್ತು, ಮನೆಗೆ ಹೋಗ್ಬೇಕಾಗಿತ್ತು, ದೀಪ ಉರೀತಿತ್ತು, ಅಂದ್ಬಿಟ್ಟೆ. ಅದು ಸುಳ್ಳು ದೀಪ ಅಂತ ಗೊತ್ತಿರಲಿಲ್ಲ. ಅವನು ಯಾರ ಮಾತೂ ಮೀರಲಿಲ್ಲ. ನನ್ನ ಮಾತು ಕೇಳಿ ಸತ್ತ. ಪೊಲೀಸರ ಮುಂದೆ ಸುಮ್ನಿದ್ದು ಹೆಬ್ಬೆಟ್ಟು ಒತ್ತಿದ್ದೂ ನಾನೇ."

ಹೊಡೆಯುತ್ತಾಳೆ ಅಂದುಕೊಂಡಳು ಹನುಮಕ್ಕ, ಹೊಡೆದರೆ ಹೊಡೆಯಲಿ ಅಂತಲೂ ಅಂದುಕೊಂಡಳು. ಬಸವ್ವ ಬಾಯಿಗೆ ಸೆರಗು ತುರುಕಿಕೊಂಡು, ಗೋಡೆಗೆ ಹಣೆ ಒತ್ತಿ, ಮೈಯೆಲ್ಲ ಅದುರುವ ಹಾಗೆ ಅತ್ತಳು. ಅತ್ತು ಅತ್ತು ದನಿ ಬಿದ್ದುಹೋದ ಮೇಲೆ ಮುಖ ಒರೆಸಿಕೊಂಡಳು.

"ನಿಮಗೆ ಒಳ್ಳೇದಾಗ್ಲಿ ಅಂತ ನನ್ನ ಬಾಯಲ್ಲಿ ಯಾವತ್ತೂ ಬರಲ್ಲ ಅಮ್ಮ."

"ಬರಬಾರದು ಕಣವ್ವ."

"ಹದಿನೈದು ದಿನ ಆಯ್ತು, ತಟ್ಟೆ ಮುಂದೆ ಕೂತ್ರೆ ಅವರು ಎದ್ದು ಹೋಗಿದ್ದೇ ಕಾಣೋದು. ಅನ್ನ ಗಂಟಲಲ್ಲಿ ಇಳೀತಿರಲಿಲ್ಲ." ಅವಳು ಒಮ್ಮೆ ಒಳಗಡೆ ನೋಡಿದಳು. "ಏನಾದ್ರೂ ಇದ್ರೆ ಬಡಿಸಿ."

ಹನುಮಕ್ಕ ತಬ್ಬಿಬ್ಬಾದಳು. ಲಿಂಗವಂತರ ಹೆಂಗಸು, ಕಂಡೋರ ಮನೆಯಲ್ಲಿ ನೀರೂ ಮುಟ್ಟದ ಪೈಕಿ. ಅದೂ ಈ ಮನೆಯಲ್ಲಿ, ಈ ಕೈಯಿಂದ! ತಟ್ಟೆ ಎರಡು ಸಲ ತೊಳೆದಳು. ಬೆಳಗಿನ ಮುದ್ದೆ, ಹುರುಳಿಕಾಳಿನ ಸಾರು, ಒಂದಿಷ್ಟು ಮಜ್ಜಿಗೆ. ಬಸವ್ವ ಅವಳ ಮುಖ ನೋಡದೆ, ತಲೆ ಬಗ್ಗಿಸಿ, ಹಸಿದವಳ ಹಾಗೆ ದೊಡ್ಡ ದೊಡ್ಡ ತುತ್ತು ಮುರಿದು ನುಂಗಿದಳು. ಕಣ್ಣೀರು ಸಾರಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಇನ್ನೊಂದು ಮುದ್ದೆ ಹಾಕಲೇ ಅಂತ ಕೇಳಿದರೆ ಬೇಡ ಅನ್ನಲಿಲ್ಲ.

ತಟ್ಟೆ ಖಾಲಿಯಾದ ಮೇಲೆ ಎದ್ದು ಹಿತ್ತಲಲ್ಲಿ ಕೈ ತೊಳೆದು, ಸೆರಗು ಸರಿ ಮಾಡಿಕೊಂಡು ಬಾಗಿಲಲ್ಲಿ ನಿಂತಳು.

"ನಡೀರಿ" ಅಂದಳು. "ನಂಗೆ ಹೇಳಿದ್ದನ್ನ ಸ್ಟೇಷನ್ನಲ್ಲೂ ಹೇಳಿ."

ಹನುಮಕ್ಕ ಬಾಗಿಲು ಎಳೆದುಕೊಂಡು ಅವಳ ಹಿಂದೆ ಹೊರಟಳು.